ಮೆಲುದನಿಯ ಯಂತ್ರ

ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯಲ್ಲಿ, ಹಳೇಬೀಡಿನ ದಾರಿ ಬಲಕ್ಕೆ ಕವಲೊಡೆಯುವ ಸ್ಥಳದಲ್ಲಿರುವ ಹಗರೆಯು ನನ್ನ ಊರು. ಅರಸೀಕೆರೆಯ ಕಡೆಯ ಬಯಲುಸೀಮೆ ಮುಗಿಯುತ್ತ ಬಂದು ಪಡುವಣದ ಮಲೆನಾಡು ಇನ್ನೂ ಮೊದಲಾಗದ ಈ ನಡುನಾಡಿನಲ್ಲಿ ಬಾಲ್ಯವನ್ನು ಕಳೆದವರಿಗೆ ಬಗೆಬಗೆಯ ಶಬ್ದಗಳ ಪರಿಚಯ ಸಹಜವಾಗಿಯೇ ಆಗುತ್ತದೆ: ಕವಲಿನಲ್ಲಿ ನಿಂತ ಬಸ್ಸಿನ ಕಂಡಕ್ಟರು ‘ಹಳೇಬೀಡು, ಹಳೇಬೀಡು’ ಎಂದು ಕೂಗುವುದು, ಆಷಾಢದ ಗಾಳಿ ತೆಂಗಿನ ಗರಿಗಳಲ್ಲಿ ಮೊರೆಯುವುದು, ಆಲೂಗೆಡ್ಡೆ ತುಂಬಿದ ಲಾರಿಗಳು ಏರಿನಲ್ಲಿ ಏದುವುದು, ಸುಗ್ಗಿ ಕಳೆದ ಮೇಲೆ ಯಾವುದಾದರೊಂದು ಹಳ್ಳಿಯಿಂದ ಇರುಳೆಲ್ಲ ತೇಲಿಬರುವ ಕುರುಕ್ಷೇತ್ರ ನಾಟಕದ ಹಾರ್ಮೋನಿಯಂ. ಈ ಕೊನೆಯ ಶಬ್ದದೊಡನೆ ನನಗಿದ್ದ ಸಂಬಂಧ ಉಳಿದವುಗಳಿಗಿಂತ ಹತ್ತಿರದ್ದು. ಏಕೆಂದರೆ ಆ ಸ್ವರವನ್ನು ಊರಿನಿಂದ ಊರಿಗೆ ಮುಟ್ಟಿಸುತ್ತಿದ್ದ ಮೈಕ್‌ಸೆಟ್ಟು ಬಹುಮಟ್ಟಿಗೆ ನಮ್ಮ ದೊಡ್ಡಪ್ಪನವರದೇ ಆಗಿರುತ್ತಿತ್ತು.

ದೊಡ್ಡಪ್ಪನವರ ಬಂಡವಾಳ ಹೆಚ್ಚಿನದೇನೂ ಅಲ್ಲ. ವಾಲ್ವುಗಳ ಒಂದು ಆಂಪ್ಲಿಫೈಯರು, ಗ್ರಾಮಫೋನ್ ತಟ್ಟೆಗಳನ್ನು ತಿರುಗಿಸುವ ಒಂದು ಪೆಟ್ಟಿಗೆ, ಎರಡು ಮೈಕು, ನಾಲ್ಕು ಅಲ್ಯೂಮಿನಿಯಂ ಹಾರ್ನು, ಕರೆಂಟಿಲ್ಲದ ಹಳ್ಳಿಗಳಿಗೆಂದು ಲಾರಿಯ ಬ್ಯಾಟರಿ, ಮತ್ತು ಒಂದು ಮರದ ರಾಟೆಗೆ ಸುತ್ತಿದ ಉದ್ದನೆಯ ತಂತಿ. ಆಂಪ್ಲಿಫೈಯರಿನ ಗುಂಡಿಯನ್ನು ಒತ್ತಿದೊಡನೆಯೇ ಅದು ಮಾತನಾಡುತ್ತಿರಲಿಲ್ಲ. ಗಾಜಿನೊಳಗಿನ ತಂತು ಮೊದಲು ಕೆಂಪಗೆ ಕಾಯಬೇಕು, ಅನಂತರ ಒಂದು ಸಣ್ಣ ಗುಂಯ್‌ಗಾರ ಹುಟ್ಟಬೇಕು, ಆಮೇಲೆಯೇ ಮೈಕಿಗೆ ಜೀವ. ಅದರ ಹಿಂಬದಿಯಲ್ಲಿ ಕಪ್ಪು ಪಟ್ಟಿಯ ಮೇಲೆ ಸಾಲಾಗಿ ಹಿತ್ತಾಳೆಯ ತಿರುಪುಗಳಿದ್ದುವು: ಒಂದು ಎಲ್ಲಕ್ಕೂ ಸಾಮಾನ್ಯವಾದುದು, ಮುಂದೆ 4, 8, 16 ಎಂಬ ಓಮ್‌ಗಳ ಅಂಕಿಗಳು, ಕಟ್ಟಕಡೆಗೆ 100 ವೋಲ್ಟ್ ಎಂಬ ಬರೆಹ. ಅಂಕಿಗಳ ತಿರುಪುಗಳು ಮಂಕಾಗಿದ್ದು ಕೊನೆಯ ತಿರುಪಿನ ತಲೆ ಮಾತ್ರ ಹೊಳೆಯುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗಲೇ ಗಮನಿಸಿದ್ದೆನು. ದೊಡ್ಡಪ್ಪನವರ ತಿರುಪುಳಿ ನಿತ್ಯವೂ ಅಲ್ಲಿಗೇ ಹೋಗುತ್ತಿತ್ತು. ಅದರ ಕಾರಣವು ಬಹುಕಾಲದ ಮೇಲೆ, ನನ್ನದೇ ಮನೆಗೆ ಆಂಪ್ಲಿಫೈಯರನ್ನು ಆರಿಸಬೇಕಾಗಿ ಬಂದಾಗ, ತಿಳಿಯಿತು.

ಅವರು ತಮ್ಮ ಕೆಲಸವನ್ನು ಪರೀಕ್ಷಿಸುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ಬೇರೆ ಮೈಕ್‌ಸೆಟ್ಟಿನವರು ಆಂಪ್ಲಿಫೈಯರಿನ ಪಕ್ಕದಲ್ಲಿಯೇ ಕುಳಿತು, ಹಾರ್ನು ಗುಡುಗಿದಷ್ಟೂ ತಮ್ಮ ಸೆಟ್ಟಿನ ಕೀರ್ತಿ ಬೆಳೆಯಿತೆಂದು ತೃಪ್ತರಾಗುತ್ತಿದ್ದರು. ದೊಡ್ಡಪ್ಪನವರಾದರೋ ಹರಿಕಥೆಯ ದಾಸರು ಮಂಗಳಶ್ಲೋಕವನ್ನು ಮೊದಲುಮಾಡಿದೊಡನೆ ನನ್ನನ್ನು ಕರೆದು, “ಮುಂದಿನ ಸಾಲಿನೋರು ಹೆಂಗಿದ್ರೂ ಕೇಳಿಸ್ಕೊಳ್ತಾರೆ. ಕಟ್ಟಕಡೇಲಿ ಕೂತಿರೋ ಮುದುಕಿಗೆ ಮಾತು ತಿಳೀತದಾ ನೋಡ್ಕೊಂಡು ಬಾ, ಹೋಗು ಮಗ” ಎಂದು ಕಳುಹಿಸುತ್ತಿದ್ದರು. ನಾನು ಜನಸಮೂಹದ ಅಂಚಿಗೆ ಹೋಗಿ, ಕಂಬಳಿ ಹೊದ್ದು ಕುಳಿತ ಅಜ್ಜಿಯರ ನಡುವೆ ನಿಂತು, ಮಾತು ಮಾತಾಗಿ ಕೇಳುತ್ತಿದೆಯೋ ಬರಿಯ ಸದ್ದಾಗಿ ಕೇಳುತ್ತಿದೆಯೋ ಎಂಬುದನ್ನು ವರದಿಮಾಡುತ್ತಿದ್ದೆನು. ಸದ್ದಾಗಿ ಕೇಳಿದರೆ ಅವರು ಶಬ್ದವನ್ನು ಏರಿಸುತ್ತಿರಲಿಲ್ಲ. ಒಂದು ಹಾರ್ನನ್ನು ಬಿಚ್ಚಿ ಆ ಅಜ್ಜಿಯರ ಸಮೀಪದ ಮರಕ್ಕೆ, ಬಾಯಿ ಸ್ವಲ್ಪ ನೆಲದ ಕಡೆಗೆ ಬಾಗುವಂತೆ ಕಟ್ಟಿ, ಒಟ್ಟು ಶಬ್ದವನ್ನು ಇನ್ನಷ್ಟು ತಗ್ಗಿಸುತ್ತಿದ್ದರು. ಗಟ್ಟಿಯಾದ ಒಂದು ದನಿಗಿಂತ ಹತ್ತಿರದ ನಾಲ್ಕು ದನಿಗಳು ಮೇಲೆಂಬ ಈ ವಿವೇಕವು ಯಾವ ಪುಸ್ತಕದಿಂದಲೂ ಅವರಿಗೆ ಬಂದುದಲ್ಲ.

ಅಂದಿನ ಕಾಲವನ್ನು ನೆನೆದರೆ ಈ ವಿವೇಕದ ಬೆಲೆ ಹೆಚ್ಚುತ್ತದೆ. ಧ್ವನಿವರ್ಧಕವು ಲೋಕಕ್ಕೆ ಬಂದುದೇ ಬಹುಜನರ ಮುಂದೆ ಕೂಗುವುದಕ್ಕಾಗಿ. 1915ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜೆನ್ಸನ್ ಮತ್ತು ಪ್ರಿಡ್ಹ್ಯಾಂ ಎಂಬಿಬ್ಬರು ತಮ್ಮ ‘ಮ್ಯಾಗ್ನವಾಕ್ಸ್’ ಯಂತ್ರವನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಜನಸ್ತೋಮದೆದುರು ಕ್ರಿಸ್‌ಮಸ್ಸಿನ ಮುನ್ನಾದಿನ ಹಾಡಿಸಿದಾಗ, ಆ ಯಂತ್ರದ ಮಹಿಮೆಯೆಲ್ಲ ಅದರ ದೂರಗಾಮಿತ್ವದಲ್ಲಿಯೇ ಇತ್ತು. ನಮ್ಮ ನಾಡಿನಲ್ಲಿ ಮನೆಯೊಳಗಿನ ದನಿಯಾಗಿ ಬಂದುದು ರೇಡಿಯೊ. ಅದು ಮೊದಲಾದುದೂ ಒಂದು ಮನೆಯಿಂದಲೇ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಿಂದ ಕೇವಲ 30 ವ್ಯಾಟಿನ ಒಂದು ಪ್ರೇಷಕವನ್ನಿಟ್ಟುಕೊಂಡು ಪ್ರಸಾರವನ್ನು ಆರಂಭಿಸಿದರು, ‘ಆಕಾಶವಾಣಿ’ಯೆಂಬ ಹೆಸರು ಆ ಸಾಹಸದೊಡನೆ ನಮಗೆ ಬಂದಿತು. ಪ್ರೇಷಕದ ವ್ಯಾಟೂ ಆಂಪ್ಲಿಫೈಯರಿನ ವ್ಯಾಟೂ ಒಂದೇ ಕೆಲಸವನ್ನು ಮಾಡುವುವಲ್ಲವಾದರೂ, ಅಂಗಡಿಯಲ್ಲಿ ಯಾರಾದರೂ ಸಾವಿರ ವ್ಯಾಟಿನ ಮಾತನ್ನೆತ್ತಿದಾಗ ನನಗೆ ಆ ಮೂವತ್ತು ವ್ಯಾಟಿನ ಮನೆ ನೆನಪಾಗುವುದುಂಟು.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ತೊಟ್ಟಿಯ ಮನೆಯನ್ನು ದುರಸ್ತಿ ಮಾಡಿಸಿದೆವು. ನಾಡಹೆಂಚನ್ನು ಇಳಿಸಿ ಮಂಗಳೂರು ಹೆಂಚನ್ನು ಹೊದಿಸಿ, ಗೋಡೆಗಳೊಳಗೆ ವಿದ್ಯುತ್ತಿನ ಕೊಳವೆಗಳನ್ನು ಹುದುಗಿಸುವ ಸಂದರ್ಭದಲ್ಲಿ, ಇದೇ ಸಮಯದಲ್ಲಿ ಮನೆಯ ಎಲ್ಲ ಕೋಣೆಗಳಿಗೂ, ಹೊರಗೆ ಜಗುಲಿಗೂ ಕಣಕ್ಕೂ ತೋಟದ ಪಂಪುಮನೆಯ ಕಟ್ಟೆಗೂ ಸಂಗೀತವನ್ನು ಮುಟ್ಟಿಸುವ ವ್ಯವಸ್ಥೆಯನ್ನು ಮಾಡಬೇಕೆಂಬ ಆಸೆ ನನ್ನಲ್ಲಿ ಮೂಡಿತು. ಆಸೆಯ ಮೂಲ ನನ್ನ ತಾಯಿ. ಮಂಡಿನೋವಿನಿಂದ ಅವರ ಸಂಚಾರವು ಅಡುಗೆಮನೆ, ದೇವರಮನೆ, ಹಿತ್ತಿಲ ಕಟ್ಟೆ ಇಷ್ಟಕ್ಕೇ ಸೀಮಿತವಾಗಿದ್ದಿತು. ಬೆಳಗಿನ ‘ಚಿಂತನ’, ಪ್ರದೇಶ ಸಮಾಚಾರ, ಮಧ್ಯಾಹ್ನದ ಶಾಸ್ತ್ರೀಯ ಸಂಗೀತ ಇವನ್ನು ಕೇಳುವುದಕ್ಕಾಗಿ ಅವರು ಒಂದು ಕೈರೇಡಿಯೊವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದರು. ಏನು ಬೇಕಮ್ಮ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: “ಪಕ್ಕದಲ್ಲಿ ಕೂತು ಮಾತಾಡಿದ ಹಾಗಿರಬೇಕು ಕಣಪ್ಪ, ಕೂಗಿದ ಹಾಗೆ ಬೇಡ. ಎಲ್ಲಿ ಕೂತರೂ ಹಂಗೇ ಇರಬೇಕು.” ಆಮೇಲೆ ನಾನು ಓದಿದ ಯಾವ ಕೈಪಿಡಿಯಲ್ಲಿಯೂ ಒಂದು ಧ್ವನಿವ್ಯವಸ್ಥೆಯ ಲಕ್ಷಣವನ್ನು ಇದಕ್ಕಿಂತ ಖಚಿತವಾಗಿ ನಿರೂಪಿಸಿರುವುದನ್ನು ಕಾಣೆನು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳನ್ನು ಅರಿಯದ ರೇಡಿಯೊ ಕಸುಬಿನವರು ಈ ರಾಜ್ಯದಲ್ಲಿ ಇರಲಾರರು. ಅಲ್ಲಿ ಎಲ್ಲಿಗೆ ಹೋದರೂ ಮೊದಲನೆಯ ಪ್ರಶ್ನೆ “ಎಷ್ಟು ವ್ಯಾಟು ಸಾರ್?” ಎಂಬುದೇ. ಕೇಳುವವರು ಎಲ್ಲಿ ಕುಳಿತಿರುತ್ತಾರೆ, ತಂತಿ ಎಷ್ಟು ದೂರ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ವ್ಯಾಟಿಗೂ ಕಿವಿಗೂ ಇರುವ ನಂಟು ಅಷ್ಟು ನೇರವಾದುದಲ್ಲವೆಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಶಬ್ದವು 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಅದು ‘ಸ್ವಲ್ಪ ಹೆಚ್ಚಿತು’ ಎನ್ನಿಸುವಷ್ಟೇ ಅಂತರ. ಶಬ್ದ ಎರಡರಷ್ಟಾಯಿತೆಂದು ಮನಸ್ಸಿಗೆ ತೋರಬೇಕಾದರೆ ಶಕ್ತಿ ಹತ್ತರಷ್ಟಾಗಬೇಕು. ಇತ್ತ ದೂರದ ಲೆಕ್ಕವೂ ಹೀಗೆಯೇ: ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬಲ್ ಕುಂದುತ್ತದೆ. ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ 90 ಡೆಸಿಬಲ್ ಕೊಡುವ ಸಾಧಾರಣ ಸ್ಪೀಕರನ್ನು ತೆಗೆದುಕೊಂಡರೆ, ಎರಡು ಮೀಟರಿನಲ್ಲಿ 84, ನಾಲ್ಕರಲ್ಲಿ 78, ಎಂಟರಲ್ಲಿ 72, ಹದಿನಾರರಲ್ಲಿ 66 ಉಳಿಯುತ್ತದೆ. ಎದುರಿಗೆ ಕುಳಿತವರ ಸಹಜ ಸಂಭಾಷಣೆಯು ಸುಮಾರು 60ರಷ್ಟಿರುವುದರಿಂದ, ಒಂದೇ ಒಂದು ವ್ಯಾಟಿನಲ್ಲಿ ನಮ್ಮ ಕಣದ ತುದಿಯವರೆಗೂ ಮಾತು ನಿರಾಯಾಸವಾಗಿ ಮುಟ್ಟುವುದು. ಮುಟ್ಟದಿರುವುದು ಎಲ್ಲಿ? ತೋಟದಲ್ಲಿ, ಗೋಡೆಯಾಚೆಯ ಕೋಣೆಯಲ್ಲಿ. ಅಲ್ಲಿಗೆ ಮುಟ್ಟಿಸಬೇಕೆಂದು ಜಗುಲಿಯ ಸ್ಪೀಕರಿಗೆ ನೂರು ವ್ಯಾಟು ತುಂಬುವುದಕ್ಕಿಂತ ಅಲ್ಲಿಯೇ ಒಂದು ಸಣ್ಣ ಸ್ಪೀಕರನ್ನಿಟ್ಟು ಒಂದು ವ್ಯಾಟು ಕೊಡುವುದು ಎಷ್ಟು ಮೇಲೆಂಬುದು ಮೇಲಿನ ಲೆಕ್ಕದಿಂದಲೇ ಸಿದ್ಧವಾಗುತ್ತದೆ. ದೊಡ್ಡಪ್ಪನವರು ಅಜ್ಜಿಯರ ಬಳಿಯ ಮರಕ್ಕೆ ಹಾರ್ನು ಕಟ್ಟಿದುದು ಇದೇ ನ್ಯಾಯದಿಂದ.

ಸ್ಪೀಕರುಗಳು ಹಲವಾಗಬೇಕೆಂದು ನಿಶ್ಚಯಿಸಿದ ಮೇಲೆ ಅವೆಲ್ಲಕ್ಕೂ ಯಾವ ಆಂಪ್ಲಿಫೈಯರು ಎಂಬ ಪ್ರಶ್ನೆ ಹುಟ್ಟಿತು. ಕಷ್ಟವೆಲ್ಲ ಇರುವುದು ಇಲ್ಲಿಯೇ. ಮನೆಯಲ್ಲಿ ಸಾಮಾನ್ಯವಾಗಿ ಇರುವ ಸ್ಟೀರಿಯೊ ಆಂಪ್ಲಿಫೈಯರು ಒಂದು ಜೊತೆ ಸ್ಪೀಕರುಗಳಿಗಾಗಿ ನಿರ್ಮಿತವಾದುದು. ಪ್ರತಿಯೊಂದು ಸ್ಪೀಕರೂ ವಿದ್ಯುತ್ ಪ್ರವಾಹಕ್ಕೆ 8 ಓಮ್‌ಗಳಷ್ಟು ಪ್ರತಿರೋಧವನ್ನು ಒಡ್ಡುತ್ತದೆಂದು ಇಟ್ಟುಕೊಳ್ಳೋಣ. ಎರಡನ್ನು ಅಕ್ಕಪಕ್ಕಕ್ಕೆ ಸೇರಿಸಿದರೆ ಪ್ರತಿರೋಧ 4 ಆಗುತ್ತದೆ, ನಾಲ್ಕನ್ನು ಸೇರಿಸಿದರೆ 2, ಎಂಟನ್ನು ಸೇರಿಸಿದರೆ 1. ಕೆರೆಗೆ ಒಂದರ ಮೇಲೊಂದು ತೂಬನ್ನು ತೆರೆಯುತ್ತ ಹೋದಂತೆ ಪ್ರವಾಹವು ಏರುತ್ತಲೇ ಹೋಗಿ, 4 ಓಮ್‌ಗಿಂತ ಕೆಳಗಿಳಿಯಬಾರದೆಂದು ಫಲಕದ ಮೇಲೆ ಬರೆದುಕೊಂಡ ಆಂಪ್ಲಿಫೈಯರು ಮೊದಲು ಕಾಯುತ್ತದೆ, ಅನಂತರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಆ ರಕ್ಷಣೆಯಿಲ್ಲದಿದ್ದರೆ ಅದರ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತವೆ. ಒಂದರ ಹಿಂದೊಂದು ಸಾಲಾಗಿ ಜೋಡಿಸಬಹುದಲ್ಲವೆ ಎಂದರೆ, ಆಗ ಒಂದು ಕೆಟ್ಟರೆ ಎಲ್ಲವೂ ಮೂಕವಾಗುವುವು. ಅಲ್ಲದೆ ಒಂದು ಕೋಣೆಯಲ್ಲಿ ದನಿ ತಗ್ಗಿಸಿದರೆ ಎಲ್ಲ ಕೋಣೆಗಳಲ್ಲಿಯೂ ಅದರ ಪರಿಣಾಮ ಉಂಟಾಗುವುದು.

ಇಂಜಿನಿಯರಿಂಗ್ ಓದಿದ್ದ ಅಕ್ಕನ ಮಗ ಇನ್ನೊಂದು ಮಾರ್ಗವನ್ನು ಹೇಳಿದನು. “ಮಾವ, ಹನ್ನೆರಡು ಚಾನಲ್ಲಿನದು ಒಂದೇ ಪೆಟ್ಟಿಗೆಯಲ್ಲಿ ಬರುತ್ತೆ. ಕೋಣೆಗೆ ಎರಡು ಚಾನಲ್ಲು. ಅಮ್ಮಮ್ಮ ಚಿಂತನ ಕೇಳಲಿ, ನೀವು ವೀಣೆ ಕೇಳಿ, ನಾವು ಕ್ರಿಕೆಟ್ಟು ಕೇಳ್ತೀವಿ” ಎಂದನು. ಪ್ರತಿ ಕೋಣೆಗೂ ಸ್ವತಂತ್ರವಾದ ಚಾನಲ್ಲಿರುವ ಈ ಏರ್ಪಾಡು ನಿಜಕ್ಕೂ ಸೊಗಸಾದುದು. ನಗರದ ಹೊಸ ಮನೆಗಳಲ್ಲಿ, ಕೋಣೆಗಳು ಒಂದಕ್ಕೊಂದು ಸಮೀಪವಾಗಿ ತಂತಿಗಳು ಕಿರಿದಾಗಿರುವೆಡೆ, ನಾನೂ ಅದನ್ನೇ ಆರಿಸಿಯೇನು. ನಮ್ಮ ಮನೆಗೆ ಅದು ಒಪ್ಪಲಿಲ್ಲ. ಕೊಟ್ಟಿಗೆಯನ್ನು ದಾಟಿ, ಕಣವನ್ನು ಬಳಸಿ ತೋಟದ ಕಟ್ಟೆಗೆ ಹೋಗುವ ತಂತಿಯು ನೂರು ಮೀಟರಿಗೆ ಕಡಮೆಯಿಲ್ಲ. ಮನೆಗಳಲ್ಲಿ ಬಳಸುವ ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ, ಹೋಗುವ ಎಳೆಯೂ ಬರುವ ಎಳೆಯೂ ಸೇರಿ ಸುಮಾರು ಮೂರೂವರೆ ಓಮ್‌ಗಳ ಪ್ರತಿರೋಧ. 8 ಓಮ್‌ನ ಸ್ಪೀಕರಿಗೆ ಮೂರೂವರೆ ಓಮ್‌ನ ತಂತಿಯನ್ನು ಕಟ್ಟಿದರೆ, ತಂತಿ ಅಡ್ಡಬಾರದಿದ್ದಲ್ಲಿ ಸ್ಪೀಕರಿಗೆ ಸಿಗಬಹುದಾಗಿದ್ದ ಶಕ್ತಿಯಲ್ಲಿ ಅರ್ಧದಷ್ಟೂ ಅದನ್ನು ಮುಟ್ಟಲಾರದು.

ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿಕೊಂಡು ದೊಡ್ಡಪ್ಪನವರ ಬಳಿಗೆ ಹೋದೆನು. ಕಸುಬನ್ನು ಬಿಟ್ಟು ಬಹುಕಾಲವಾಗಿದ್ದಿತು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು. ನಾನು ಹೇಳಿದುದನ್ನೆಲ್ಲ ಕೇಳಿ, “ಓಮು ಗೀಮು ನೀವು ಓದ್ದೋರ ಲೆಕ್ಕ ಕಣೋ ಮಗ. ತಂತಿ ದೂರ ಹೋಗೋದಾದ್ರೆ ಕೊನೇ ತಿರುಪಿಗೆ ಹಾಕು” ಎಂದರು. ಹೊಳೆಯುತ್ತಿದ್ದ ಆ ತಿರುಪು ಕಣ್ಣಮುಂದೆ ನಿಂತಿತು. ನೂರು ವೋಲ್ಟಿನ ಸಾಲೆಂದರೆ ಇಷ್ಟೇ: ಆಂಪ್ಲಿಫೈಯರು ತನ್ನ ಶಬ್ದಶಕ್ತಿಯನ್ನು ಹೆಚ್ಚು ವೋಲ್ಟಿಗೆ ಏರಿಸಿ, ಪ್ರವಾಹವನ್ನು ಅಷ್ಟರಮಟ್ಟಿಗೆ ತಗ್ಗಿಸಿ, ತಂತಿಯಲ್ಲಿ ಕಳುಹಿಸುತ್ತದೆ, ಪ್ರತಿಯೊಂದು ಸ್ಪೀಕರಿನ ಬೆನ್ನಿಗೂ ಇರುವ ಸಣ್ಣ ಟ್ರಾನ್ಸ್‌ಫಾರ್ಮರು, ಕಸುಬಿನವರು ‘ಎಲ್ಎಂಟಿ’ ಎನ್ನುವಂತಹುದು, ಅದನ್ನು ಮತ್ತೆ ಇಳಿಸಿಕೊಂಡು ಸ್ಪೀಕರಿಗೆ ಕೊಡುತ್ತದೆ. ಹತ್ತು ವ್ಯಾಟಿಗೆ ಕಟ್ಟಿದ ಸ್ಪೀಕರು ಈ ಸಾಲಿಗೆ ಸಾವಿರ ಓಮ್‌ನಂತೆ ತೋರುವುದರಿಂದ, ಅದರೆದುರು ತಂತಿಯ ಮೂರೂವರೆ ಓಮು ನಗಣ್ಯ. ನಷ್ಟವು ನೂರಕ್ಕೆ ಒಂದು ಪಾಲೂ ಆಗದು. ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದಾಗ ಮೈಸೂರು ಸಂಸ್ಥಾನದ ಇಂಜಿನಿಯರುಗಳು ಅನುಸರಿಸಿದುದೂ ಇದೇ ಉಪಾಯವನ್ನೇ: ಹೊರಡುವಲ್ಲಿ ವೋಲ್ಟನ್ನು ಹಲವು ಸಾವಿರಗಳಿಗೆ ಏರಿಸುವುದು, ಸೇರುವಲ್ಲಿ ಇಳಿಸುವುದು. ಅಷ್ಟು ದೊಡ್ಡ ಕಾರ್ಯದ ಸೂತ್ರವು ನಮ್ಮ ದೊಡ್ಡಪ್ಪನವರ ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ತಿರುಪಾಗಿ ಕುಳಿತಿತ್ತೆಂಬುದು ನನಗೆ ಬಹಳ ಸಂತೋಷವನ್ನು ಕೊಟ್ಟಿತು.

ಈ ಮಾರ್ಗದಲ್ಲಿ ಆಂಪ್ಲಿಫೈಯರಿನ ಆಯ್ಕೆ ಬಹು ಸುಲಭವಾಗಿಬಿಡುತ್ತದೆ. ಪ್ರತಿ ಸ್ಪೀಕರಿನ ಟ್ರಾನ್ಸ್‌ಫಾರ್ಮರಿನಲ್ಲಿಯೂ ಇಷ್ಟಿಷ್ಟು ವ್ಯಾಟಿಗೆಂದು ಬೇರೆಬೇರೆ ಎಳೆಗಳು ಹೊರಟಿರುತ್ತವೆ. ಆಯಾ ಕೋಣೆಗೆ ತಕ್ಕ ಎಳೆಯನ್ನು ಆರಿಸಿ, ಎಲ್ಲವನ್ನೂ ಕೂಡಿ, ಮೊತ್ತದ ಮೇಲೆ ಕಾಲುಭಾಗದಷ್ಟಾದರೂ ಉಳಿಕೆಯಿರುವಂತೆ ಆಂಪ್ಲಿಫೈಯರನ್ನು ತರತಕ್ಕದ್ದು. ಅಡುಗೆಮನೆ, ದೇವರಮನೆ, ತಾಯಿಯ ಕೋಣೆ, ಮತ್ತೆರಡು ಕೋಣೆಗಳು ಇವಕ್ಕೆ ಮೂರು ಮೂರು ವ್ಯಾಟು. ಜಗುಲಿಯ ಎರಡು ಸ್ಪೀಕರುಗಳಿಗೆ ಆರಾರು. ಒಳಗಿನ ಮೊತ್ತ 27. ಹೊರಗೆ ಕಣಕ್ಕೆರಡು, ಹಿತ್ತಿಲಿಗೊಂದು, ತೋಟಕ್ಕೊಂದು, ಒಂದೊಂದಕ್ಕೆ ಹತ್ತರಂತೆ 40. ಬಯಲಿನಲ್ಲಿ ಶಬ್ದವನ್ನು ಹಿಂದಿರುಗಿಸುವ ಗೋಡೆಗಳಿಲ್ಲವಾದುದರಿಂದಲೂ, ಮುಂಗಾರಿನ ಗಾಳಿ ಮಾತನ್ನು ಒಯ್ಯುವುದರಿಂದಲೂ ಹೊರಗಿನದಕ್ಕೆ ಈ ಧಾರಾಳ ಅವಶ್ಯವಾದುದು. ಎರಡನ್ನೂ ಸೇರಿಸಿ ನೂರು ವ್ಯಾಟಿನ ಒಂದೇ ಯಂತ್ರವನ್ನು ತರಬಹುದಾಗಿತ್ತು. ನಾನು ಒಳಗಿಗೊಂದು ಹೊರಗಿಗೊಂದು ಎಂದು 60 ವ್ಯಾಟಿನ ಎರಡನ್ನು ತಂದೆನು. ಹೊರಗಿನದನ್ನು ನಿಲ್ಲಿಸಿ ಒಳಗಿನದನ್ನು ನಡೆಯಿಸುವ ಸ್ವಾತಂತ್ರ್ಯ ಒಂದು ಲಾಭ. ಒಂದು ಕೆಟ್ಟರೆ ಇನ್ನೊಂದು ಅದರ ಸ್ಥಾನದಲ್ಲಿ ನಿಲ್ಲಬಲ್ಲುದೆಂಬುದು ಇನ್ನೂ ದೊಡ್ಡ ಲಾಭ. ಹಳ್ಳಿಯಲ್ಲಿರುವವರು ಈ ಎರಡನೆಯದನ್ನು ಮರೆಯಬಾರದು. ದೆಹಲಿಯ ಅಹುಜಾದವರ ಇಂತಹ ಯಂತ್ರಗಳು ನಮ್ಮ ಕಡೆಯ ದೇವಸ್ಥಾನ, ಶಾಲೆ, ಮೈಕ್‌ಸೆಟ್ಟಿನ ಅಂಗಡಿಗಳಲ್ಲೆಲ್ಲ ಇರುವುದರಿಂದ ಬಿಡಿಭಾಗವೂ ಬಿಚ್ಚಿ ನೋಡಬಲ್ಲವರೂ ಹಾಸನದಲ್ಲಿಯೇ ದೊರೆಯುತ್ತಾರೆ. ಅಂಗಡಿಯ ದೀಪದ ಕೆಳಗೆ ಮೆರೆಯುವ ವಿದೇಶೀ ಪೆಟ್ಟಿಗೆಗೆ ಆ ಅನುಕೂಲವಿಲ್ಲ.

ಆದರೆ ನೂರು ವೋಲ್ಟಿನ ಸಾಲಿಗೂ ಒಂದು ಕೊರತೆಯುಂಟು. ಸಣ್ಣ ಟ್ರಾನ್ಸ್‌ಫಾರ್ಮರಿನ ಕಬ್ಬಿಣವು ಮಂದ್ರದ ಆಳವಾದ ಕಂಪನಗಳನ್ನು ತಾಳಲಾರದೆ ತುಂಬಿಹೋಗುತ್ತದೆ. ಆದುದರಿಂದ ಅಂತಹ ವ್ಯವಸ್ಥೆಯಲ್ಲಿ ಕೆಳಗಿನ ಸ್ವರಗಳನ್ನು ಮೊದಲೇ ಶೋಧಿಸಿ ತೆಗೆಯುವುದು ವಾಡಿಕೆ. ಮಾತಿಗೂ ಕೊಳಲಿಗೂ ಇದರಿಂದ ಬಾಧೆಯಿಲ್ಲ. ಮೃದಂಗದ ಎಡಮುಖದ ಗುಮ್ಮೆನ್ನುವ ನಾದ, ವೀಣೆಯ ಮಂದ್ರತಂತಿಯ ಗಾಂಭೀರ್ಯ ಇವು ಸೊರಗುತ್ತವೆ. ಕುಳಿತು ಮನಸ್ಸಿಟ್ಟು ಕೇಳುವ ನಡುಮನೆಗೆ ಇದು ಸಲ್ಲದು. ಆದುದರಿಂದ ನಡುಮನೆಯಲ್ಲಿ ಮಾತ್ರ ಒಂದು ಜೊತೆ ದೊಡ್ಡ ಸ್ಪೀಕರುಗಳನ್ನಿಟ್ಟು, ಪಕ್ಕದಲ್ಲಿಯೇ ಇರುವ ಸ್ಟೀರಿಯೊ ಆಂಪ್ಲಿಫೈಯರಿಗೆ ದಪ್ಪ ತಂತಿಯಿಂದ ನೇರವಾಗಿ ಸೇರಿಸಿದೆನು. ಉಳಿದ ಕಡೆಗಳಲ್ಲಿ ಜನ ಓಡಾಡುತ್ತ ಕೇಳುವರಾದುದರಿಂದ ಎಡಬಲಗಳ ಭೇದ ಅನಾವಶ್ಯಕ, ಒಮ್ಮೊಮ್ಮೆ ಹಾನಿಕರವೂ ಹೌದು. ಅಡುಗೆಮನೆಯಲ್ಲಿ ಎಡಭಾಗವೊಂದೇ ಕೇಳಿಸಿದರೆ ಗಾಯಕರು ಕಿವಿಗೆ ಬಿದ್ದು ಪಿಟೀಲು ಮಾಯವಾಗಬಹುದು. ಎರಡು ಭಾಗಗಳನ್ನೂ ಸಣ್ಣ ರೆಸಿಸ್ಟರುಗಳ ಮೂಲಕ ಕೂಡಿಸಿ ಒಂದೇ ಧಾರೆಯನ್ನಾಗಿ ಮಾಡಿ ಕಳುಹಿಸುವುದೇ ಸರಿಯಾದ ಕ್ರಮ.

ಇಷ್ಟಾದ ಮೇಲೆ ಆಂಪ್ಲಿಫೈಯರನ್ನು ಪರೀಕ್ಷಿಸುವುದು ಹೇಗೆ? ಅಂಗಡಿಯವರು ಗುಂಡಿಯನ್ನು ತುದಿಯವರೆಗೂ ತಿರುಗಿಸಿ ತೋರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಪರೀಕ್ಷೆಯೇ ಅಲ್ಲ. ಮನೆಯ ಆಂಪ್ಲಿಫೈಯರು ತನ್ನ ಆಯುಷ್ಯದ ಬಹುಭಾಗವನ್ನು ಒಂದು ವ್ಯಾಟಿಗಿಂತ ಕೆಳಗೆ ಕಳೆಯುತ್ತದೆ. ಅದರ ಗುಣದೋಷಗಳೂ ಅಲ್ಲಿಯೇ ಪ್ರಕಟವಾಗುವುವು. ಬಹುತೇಕ ಟ್ರಾನ್ಸಿಸ್ಟರು ಯಂತ್ರಗಳಲ್ಲಿ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನರ್ಧವನ್ನು ಅದರ ಜೊತೆಯದೂ ಹೊರುತ್ತವೆ. ಹೊರೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಶೂನ್ಯದ ಬಿಂದುವಿನಲ್ಲಿ ಕ್ಷಣಕಾಲ ತೊಡಕುಂಟಾದರೆ, ದೊಡ್ಡ ಶಬ್ದದಲ್ಲಿ ಅದು ಮುಚ್ಚಿಹೋಗುತ್ತದೆ. ಸಣ್ಣ ಶಬ್ದವು ಆ ಬಿಂದುವಿನ ಸುತ್ತಮುತ್ತಲೇ ಬದುಕುವಂತಹುದಾದುದರಿಂದ ಅಲ್ಲಿ ಅದು ಒಂದು ಬಗೆಯ ಒರಟಾಗಿ, ಹಾಡುವವರ ಗಂಟಲು ಕಟ್ಟಿದಂತೆ ಕಿವಿಗೆ ತಾಗುತ್ತದೆ. ದೊಡ್ಡಪ್ಪನವರ ವಾಲ್ವು ಸೆಟ್ಟಿನಲ್ಲಿ ಈ ದೋಷ ನನ್ನ ಕಿವಿಗೆ ಎಂದೂ ಬಿದ್ದುದಿಲ್ಲ. ಟ್ರಾನ್ಸಿಸ್ಟರು ಯಂತ್ರಗಳ ಮೊದಲ ತಲೆಮಾರಿನಲ್ಲಿ ಇದು ಸಾಮಾನ್ಯವಾಗಿತ್ತು. ಈಚಿನವುಗಳಲ್ಲಿ ಬಹಳಮಟ್ಟಿಗೆ ಅಡಗಿದೆ, ಆದರೆ ಅಗ್ಗದವುಗಳಲ್ಲಿ ಈಗಲೂ ಸಿಗುವುದುಂಟು. ಡಿ ವರ್ಗದವೆಂದು ಕರೆಯಲ್ಪಡುವ ಹೊಸ ಬಗೆಯ ಆಂಪ್ಲಿಫೈಯರುಗಳು ಬೇರೊಂದು ವಿಧದಿಂದ ಕೆಲಸಮಾಡಿ ಬಹು ಕಡಮೆ ಕಾಯುವುವು. ಕರೆಂಟು ಹೋಗಿ ಯುಪಿಎಸ್ ಮೇಲೆ ಮನೆ ನಡೆಯುವ ನಮ್ಮಂತಹವರಿಗೆ ಅದು ಗಣ್ಯವಾದ ಗುಣ.

ಆದುದರಿಂದ ನಾನು ಊರೆಲ್ಲ ಮಲಗಿದ ಮೇಲೆ, ಒಂದು ನಿಧಾನವಾದ ಆಲಾಪನೆಯನ್ನು ಮಾತಿಗಿಂತಲೂ ಮೆಲ್ಲಗೆ ಇರಿಸಿ, ಸ್ಪೀಕರಿನಿಂದ ಒಂದು ಮಾರು ದೂರದಲ್ಲಿ ಕುಳಿತು ಕೇಳಿದೆನು. ಅನಂತರ ಹಾಡನ್ನು ನಿಲ್ಲಿಸಿ ಬರಿಯ ಯಂತ್ರವನ್ನು ಕೇಳಿದೆನು. ಮೊದಲ ರಾತ್ರಿ ಗುಂಯ್ ಎಂಬ ಕೀಳುದನಿಯೊಂದು ಎಲ್ಲ ಕೋಣೆಗಳಲ್ಲಿಯೂ ಇತ್ತು. ರೇಡಿಯೊ ನಡುಮನೆಯಲ್ಲಿ, ಆಂಪ್ಲಿಫೈಯರು ಉಗ್ರಾಣದಲ್ಲಿ, ಎರಡಕ್ಕೂ ಬೇರೆಬೇರೆ ಕಡೆಯ ಅರ್ತು. ನಡುವೆ ಹೋಗುವ ಉದ್ದನೆಯ ತಂತಿ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಕಂಪನವನ್ನು ಹೀರಿಕೊಂಡು ಹಾಡಿನೊಡನೆ ಬೆರೆಸುತ್ತಿತ್ತು. ಮೂಲವನ್ನೂ ಆಂಪ್ಲಿಫೈಯರುಗಳನ್ನೂ ಒಂದೇ ಬೀರುವಿನಲ್ಲಿ, ಒಂದೇ ಪ್ಲಗ್ಗಿನ ಹಲಗೆಯ ಮೇಲೆ ತಂದಿರಿಸಿದೊಡನೆ ಅದು ಅಡಗಿತು. ವರ್ಧನೆಯಾಗದ ಎಳೆಯ ಸಂಕೇತವು ಗೇಣುದ್ದಕ್ಕಿಂತ ಹೆಚ್ಚು ಪಯಣಿಸಬಾರದು, ವರ್ಧನೆಯಾದ ಮೇಲೆ ಎಷ್ಟು ದೂರವಾದರೂ ಹೋಗಲಿ ಎಂಬ ನಿಯಮವನ್ನು ಪಾಲಿಸಿದವರಿಗೆ ಈ ತೊಂದರೆ ಬಾರದು. ಬೀರುವಿನ ಹಿಂಬದಿಯನ್ನು ಗಾಳಿಗೆಂದು ತೆರೆದು, ಹಲ್ಲಿಗಳು ಒಳಹೊಕ್ಕು ಪ್ರಾಣಬಿಡದಂತೆ ಸಣ್ಣ ಕಣ್ಣಿನ ಜಾಲರಿಯನ್ನು ಹೊಡೆಯಿಸಿದೆನು. ಬೇಸಿಗೆಯಲ್ಲಿ ಪಂಪುಗಳೆಲ್ಲ ಒಮ್ಮೆಗೇ ಓಡತೊಡಗಿದಾಗ ವೋಲ್ಟು ಕುಸಿಯುವುದರಿಂದ ಸ್ಟೆಬಿಲೈಜರು ಬೇಕಾಯಿತು. ಚೈತ್ರ ವೈಶಾಖಗಳ ಗುಡುಗುಮಳೆಯ ಮೋಡ ಕಟ್ಟಿದೊಡನೆ ಹೊರಗಿನ ಸ್ಪೀಕರುಗಳ ತಂತಿಯನ್ನು ಕಿತ್ತಿಡುವುದು ಮನೆಯಲ್ಲಿ ಎಲ್ಲರಿಗೂ ರೂಢಿಯಾಯಿತು. ತೋಟದ ಸ್ಪೀಕರಿನ ಬಾಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟುವುದೊಂದನ್ನು ಇಂದಿಗೂ ತಡೆಯಲಾಗಿಲ್ಲ.

ಹೊರಗಿನ ದನಿಯ ವಿಷಯದಲ್ಲಿ ಇನ್ನೊಂದು ಮಾತು. ಕಣದ ಸ್ಪೀಕರುಗಳನ್ನು ಮನೆಯ ಕಡೆಗೆ ತಿರುಗಿಸಿದರೆ, ಜಗುಲಿಯಲ್ಲಿ ಕುಳಿತವರಿಗೆ ಪಕ್ಕದ ಸ್ಪೀಕರಿನ ಮಾತು ಮೊದಲೂ, ಮೂವತ್ತು ಮೀಟರಿನಾಚೆಯದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿಯೂ ಬಂದು ಮಾತಿನ ಮೇಲೆ ಮಾತು ಬೀಳುತ್ತದೆ. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಬೀದಿಯುದ್ದಕ್ಕೂ ಕಟ್ಟಿದ ಹಾರ್ನುಗಳ ಪ್ರಕಟಣೆ ನನಗೆ ಅರ್ಥವಾಗದೆ ಹೋಗುತ್ತಿದ್ದುದಕ್ಕೂ ಇದೇ ಕಾರಣ. ಅವನ್ನು ಮನೆಗೆ ಬೆನ್ನುಮಾಡಿ, ಆದರೆ ನೆರೆಮನೆಗೂ ಮುಖಮಾಡದೆ, ನೆಲದ ಕಡೆಗೆ ಬಾಗಿಸಿ ಕೂರಿಸಿದೆವು. ಶಬ್ದಮಾಲಿನ್ಯದ ಬಗೆಗೆ 2000ದಲ್ಲಿ ಬಂದ ಕೇಂದ್ರದ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲಿಗೆ 55, ಇರುಳಿಗೆ 45 ಡೆಸಿಬಲ್ ಎಂಬ ಮಿತಿಯನ್ನೂ, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಬಂಧನೆಯನ್ನೂ ವಿಧಿಸಿವೆ. ದೊಡ್ಡಪ್ಪನವರ ಕಾಲದ ಇರುಳೆಲ್ಲ ನಡೆಯುವ ನಾಟಕಗಳಿಗೆ ಇದು ದೊಡ್ಡ ಪೆಟ್ಟೆಂದು ಅನೇಕರು ಕೊರಗಿದರು. ನಾಟಕದ ಕೊರಗು ನನಗೂ ಉಂಟು. ಆದರೆ ಪರೀಕ್ಷೆಗೆ ಓದುವ ಹುಡುಗಿಯ, ಬಾಣಂತಿಯ, ನಿದ್ರೆಬಾರದ ರೋಗಿಯ ಪಕ್ಷದಲ್ಲಿ ಕಾನೂನು ನಿಂತಿರುವಾಗ ಅದರ ವಿರುದ್ಧ ಮಾತನಾಡಲು ನನಗೆ ಮನಸ್ಸು ಬಾರದು.

ತಾಯಿ ಮೊದಲ ದಿನ ಅಡುಗೆಮನೆಯಿಂದ ಹಿತ್ತಿಲಿಗೂ ಹಿತ್ತಿಲಿನಿಂದ ದೇವರಮನೆಗೂ ಗೋಡೆ ಹಿಡಿದು ನಡೆದು, ಸಮಾಚಾರದ ಒಂದು ವಾಕ್ಯವೂ ತಪ್ಪದೆ ಕೇಳಿಸಿತೆಂದು ಹೇಳಿ, ಸೆರಗಿನ ಕೈರೇಡಿಯೊವನ್ನು ಬಿಚ್ಚಿ ಗೂಡಿನಲ್ಲಿಟ್ಟರು. ದೊಡ್ಡಪ್ಪನವರನ್ನು ಕರೆತಂದು ತೋಟದ ಕಟ್ಟೆಯ ಮೇಲೆ ಕೂರಿಸಿದಾಗ ಅವರು ಕೇಳಿದ ಪ್ರಶ್ನೆ, “ಇನ್ನೂ ತಗ್ಗಿಸಿದ್ರೆ ಕೇಳ್ತದಾ?” ಎಂಬುದು. ತಗ್ಗಿಸಿದೆವು, ಕೇಳಿಸಿತು.

ಮರುವರ್ಷ ಅಕ್ಕನ ಮಗಳ ಮದುವೆ ನಮ್ಮ ಕಣದಲ್ಲಿಯೇ ನಡೆಯಿತು. ನಮ್ಮ ವ್ಯವಸ್ಥೆಯನ್ನೇ ಬೆಳೆಸಿ, ಇನ್ನೂ ದೊಡ್ಡ ಆಂಪ್ಲಿಫೈಯರನ್ನು ಕೂಡಿಸಿದರೆ ಬಾಡಿಗೆಯ ಖರ್ಚು ಉಳಿಯುವುದೆಂದು ಹುಡುಗರು ಬಹಳ ಒತ್ತಾಯಿಸಿದರು. ನಾನು ಒಪ್ಪಲಿಲ್ಲ, ವರ್ಷಕ್ಕೊಂದು ದಿನದ ಗದ್ದಲಕ್ಕಾಗಿ ಉಳಿದ ದಿನಗಳ ಮೆಲುದನಿಯನ್ನು ಕೆಡಿಸುವುದು ನನಗೆ ಬೇಡವಾಗಿತ್ತು. ವಾಲಗಕ್ಕೂ ಹಾಡಿಗೂ ಹಾಸನದಿಂದ ಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸಿ, ಅವಕ್ಕೆ ಬೇರೆಯೇ ಲೈನು ಎಳೆಯಿಸಿದೆವು. ಮನೆಯೊಳಗಿನ ಆಂಪ್ಲಿಫೈಯರಿಗೆ ಮಂಟಪದಲ್ಲಿಟ್ಟ ಒಂದು ಮೈಕನ್ನು ಮಾತ್ರ ಕೊಟ್ಟೆವು. ಜನಸಂದಣಿಯಲ್ಲಿ ಹೊರಗೆ ಬರಲಾರದ ತಾಯಿ ತಮ್ಮ ಕೋಣೆಯಲ್ಲಿ ಕುಳಿತೇ ಪುರೋಹಿತರ ಮಂತ್ರಗಳನ್ನು ಒಂದೊಂದಾಗಿ ಕೇಳಿದರು. ಹಿತ್ತಿಲ ಒಲೆಗಳ ಮುಂದೆ ನಿಂತ ಅಡುಗೆಯವರಿಗೂ ಅಡುಗೆಮನೆಯ ಕಿಟಕಿಯಿಂದ ಅದೇ ಕೇಳಿಸುತ್ತಿದ್ದುದರಿಂದ, ಧಾರೆ ಮುಗಿದುದನ್ನು ತಿಳಿಸಿ ಎಲೆ ಹಾಕಿಸುವುದಕ್ಕೆ ಯಾರೂ ಓಡಿಹೋಗಬೇಕಾಗಲಿಲ್ಲ.